ಅಗ್ಗಿಷ್ಟಿಕೆಗಿಂತ ಮೊದಲು ಪುಸ್ತಕದ ಗೋಡೆ

ಗೃಹಾಲಂಕಾರದ ಪತ್ರಿಕೆಗಳನ್ನು ತಿರುವಿಹಾಕುವವರಿಗೆ ಈಚೆಗೆ ಪದೇಪದೇ ಎದುರಾಗುವ ಚಿತ್ರವೊಂದುಂಟು: ಹಜಾರದ ಪ್ರಧಾನ ಗೋಡೆಯ ನಟ್ಟನಡುವೆ ಬೂದುಬಣ್ಣದ ಕಾಂಕ್ರೀಟಿನ ಅಗ್ಗಿಷ್ಟಿಕೆ, ಅದರ ಎಡಬಲಗಳಲ್ಲಿ ನೆಲದಿಂದ ಸೂರಿನವರೆಗೆ ಏರಿದ ಪುಸ್ತಕದ ಕಪಾಟುಗಳು, ಎದುರಿಗೊಂದು ಸೋಫಾ. ಯೂರೋಪು ಅಮೆರಿಕಗಳ ಶೀತಪ್ರದೇಶದ ಮನೆಗಳಿಂದ ಹೊರಟ ಈ ವಿನ್ಯಾಸ ಬೆಂಗಳೂರಿನ ಅಪಾರ್ಟ್‌ಮೆಂಟುಗಳನ್ನೂ ತಲುಪಿದೆ; ಹೊಗೆ ಹೋಗಲು ದಾರಿಯಿಲ್ಲದ ಕಡೆ ವಿದ್ಯುತ್ತಿನ ಹುಸಿಜ್ವಾಲೆಯನ್ನು ಉರಿಸಿ ತೃಪ್ತಿಪಡುವವರೂ ಇದ್ದಾರೆ. ನೋಟಕ್ಕೆ ಇದು ರಮ್ಯವಾಗಿದೆಯೆಂಬುದನ್ನು ಅಲ್ಲಗಳೆಯುವವನು ನಾನಲ್ಲ. ಆದರೂ ಅಗ್ನಿಗೂ ಗ್ರಂಥಕ್ಕೂ ಒಂದೇ ಗೋಡೆಯನ್ನು ಹಂಚಿಕೊಡುವುದು ಎರಡಕ್ಕೂ ಅನ್ಯಾಯವೆಂದೂ, ಎರಡೂ ಬೇಕೆನ್ನುವ ಗೃಹಸ್ಥನು ಮೊದಲು ಪುಸ್ತಕಗಳಿಗೆ ಸ್ಥಳವನ್ನು ಗೊತ್ತುಮಾಡಿ ಆಮೇಲೆ ಬೆಂಕಿಯ ವಿಚಾರಕ್ಕೆ ಕೈಹಾಕತಕ್ಕದ್ದೆಂದೂ ನನ್ನ ಅಭಿಪ್ರಾಯ.

ಈ ಕ್ರಮವನ್ನು ಬಲ್ಲವರು ಹಿಂದೆಯೂ ಇದ್ದರು. ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಪ್ರಬಂಧವೆಂಬ ಸಾಹಿತ್ಯಪ್ರಕಾರಕ್ಕೆ ಜನ್ಮಕೊಟ್ಟ ಮಾಂಟೇನ್, ತನ್ನ ಮನೆಯ ಗೋಪುರದ ಮೇಲ್ಭಾಗದ ದುಂಡನೆಯ ಕೋಣೆಯಲ್ಲಿ ಸುತ್ತಲೂ ಐದು ಅಂತಸ್ತಿನ ಕಪಾಟುಗಳನ್ನು ಹಾಕಿಸಿಕೊಂಡು, ಕುಳಿತಲ್ಲಿಂದಲೇ ತನ್ನ ಪುಸ್ತಕಗಳೆಲ್ಲವೂ ಕಣ್ಣಿಗೆ ಬೀಳುವಂತೆ ಏರ್ಪಡಿಸಿಕೊಂಡಿದ್ದನು. ಚಳಿಗಾಲದ ಬೆಂಕಿಗೆ ಅವನು ಅವಕಾಶವಿರಿಸಿಕೊಂಡದ್ದು ಆ ಕೋಣೆಯಲ್ಲಲ್ಲ, ಅದಕ್ಕೆ ಅಂಟಿಕೊಂಡಿದ್ದ ಪುಟ್ಟ ಕೊಠಡಿಯಲ್ಲಿ. ಕಾಂಕ್ರೀಟಿನ ಅಗ್ಗಿಷ್ಟಿಕೆಗಳಲ್ಲಿ ಬಹುಪ್ರಸಿದ್ಧವಾದದ್ದು ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಲಾಸ್ ಏಂಜಲೀಸಿನಲ್ಲಿ 1919ರಿಂದ 1921ರ ಅವಧಿಯಲ್ಲಿ ಕಟ್ಟಿದ ಹಾಲಿಹಾಕ್ ಮನೆಯಲ್ಲಿದೆ. ಅಚ್ಚಿನಲ್ಲಿ ಎರಕಹೊಯ್ದ ದೊಡ್ಡ ದೊಡ್ಡ ಫಲಕಗಳ ಮೇಲೆ ಜ್ಯಾಮಿತಿಯ ಆಕೃತಿಗಳ ಉಬ್ಬುಕೆತ್ತನೆ, ಒಲೆಯ ಮುಂದೆ ನೀರಿನ ಕೊಳ, ಮೇಲೆ ಆಕಾಶಕ್ಕೆ ತೆರೆದ ಗಾಜಿನ ಮಾಡು. ಅಗ್ನಿ, ಜಲ, ಆಕಾಶಗಳನ್ನೂ ಭೂಮಿಯಿಂದ ಬಂದ ಕಲ್ಲು ಮಣ್ಣುಗಳನ್ನೂ ಒಂದೆಡೆ ಕೂಡಿಸಿದ ಆ ರಚನೆಯನ್ನು ನೋಡಿದರೆ ನಮ್ಮವರಿಗೆ ಯಜ್ಞವೇದಿಕೆಯ ಸ್ಮರಣೆಯಾದೀತು. ಅಲ್ಲಿಯೂ ಗ್ರಂಥಾಲಯಕ್ಕೆ ದೊರೆತಿರುವುದು ಹಜಾರದ ಪಕ್ಕದ ಬೇರೆ ಕೋಣೆ. ಲಾಸ್ ಏಂಜಲೀಸಿನ ಹವೆಯಲ್ಲಿ ಅಂಥ ಬೆಂಕಿಯ ಅಗತ್ಯ ಎಷ್ಟಿತ್ತೆಂದು ಕೇಳಿದರೆ ಉತ್ತರ ಕಷ್ಟ. ಕಟ್ಟಿಸಿದ ಶ್ರೀಮಂತ ಮಹಿಳೆ ಆಲೀನ್ ಬಾರ್ನ್ಸ್‌ಡಾಲ್ ಅಲ್ಲಿ ಹೆಚ್ಚು ಕಾಲ ವಾಸಮಾಡದೆ 1927ರಲ್ಲಿ ಅದನ್ನು ನಗರಕ್ಕೆ ದಾನಮಾಡಿಬಿಟ್ಟಳು.

ಕಾಂಕ್ರೀಟಿನ ಸ್ವಭಾವವನ್ನೇ ತೆಗೆದುಕೊಳ್ಳೋಣ. ಅದು ಹೊತ್ತಿಕೊಳ್ಳುವ ಪದಾರ್ಥವಲ್ಲವೆಂಬುದು ನಿಜ. ಆದರೆ ಹೊತ್ತಿಕೊಳ್ಳದಿರುವುದು ಬೇರೆ, ಉರಿಯನ್ನು ತಾಳಿಕೊಳ್ಳುವುದು ಬೇರೆ. ಶಾಖವು ಸುಮಾರು 300 ಡಿಗ್ರಿ ಸೆಲ್ಸಿಯಸನ್ನು ಮೀರಿತೆಂದರೆ ಅದರ ಬಲ ಕುಂದತೊಡಗುತ್ತದೆ; ನಮ್ಮ ಕಡೆಯ ಜಲ್ಲಿ ಬಹುಮಟ್ಟಿಗೆ ಗ್ರಾನೈಟಿನದಾದ್ದರಿಂದ, ಅದರಲ್ಲಿರುವ ಬೆಣಚು 573 ಡಿಗ್ರಿಯ ಹೊತ್ತಿಗೆ ತನ್ನ ಸ್ಫಟಿಕರಚನೆಯನ್ನೇ ಬದಲಿಸಿಕೊಂಡು ಹಿಗ್ಗಿ ಸುತ್ತಲಿನ ಗಾರೆಯನ್ನು ಬಿರಿಸುತ್ತದೆ; ಒಳಗೆ ಸಿಕ್ಕಿಕೊಂಡ ತೇವವು ಆವಿಯಾಗಿ ಹೊರಬೀಳಲು ದಾರಿ ಕಾಣದೆ ಮೇಲ್ಪದರವನ್ನು ಚಕ್ಕೆಚಕ್ಕೆಯಾಗಿ ಸಿಡಿಸುವುದೂ ಉಂಟು. ಆದಕಾರಣ ಬಲ್ಲ ಮೇಸ್ತ್ರಿಯು ಉರಿ ತಾಗುವ ಗೂಡನ್ನು ಶಾಖ ತಡೆಯುವ ಇಟ್ಟಿಗೆಯಿಂದಲೇ ಕಟ್ಟಿ, ಕಾಂಕ್ರೀಟನ್ನು ಹೊರಚೌಕಟ್ಟಿಗೂ ಮುಂದಿನ ಜಗಲಿಗೂ ಮಾತ್ರ ಬಳಸುತ್ತಾನೆ. ಅದು ಚೆನ್ನಾಗಿ ಬಲಿತು ಒಣಗಿದ ಮೇಲೆಯೇ ಮೊದಲ ಬೆಂಕಿಯನ್ನು, ಅದೂ ಸಣ್ಣದಾಗಿ, ಹಾಕಗೊಡುತ್ತಾನೆ. ಇಷ್ಟು ಜಾಗ್ರತೆಯಿಂದ ಕಟ್ಟಿದ ಕಾಂಕ್ರೀಟಿಗೆ ತನ್ನದೇ ಆದ ಚೆಲುವಿದೆ. ಸೆಂಟ್ರಿಂಗ್ ಹಲಗೆಯ ನಾರುಗೆರೆಗಳು, ಒಂದು ಹಲಗೆಗೂ ಇನ್ನೊಂದಕ್ಕೂ ನಡುವೆ ಸಿಮೆಂಟಿನ ಹಾಲು ಸೋರಿ ಹೆಪ್ಪುಗಟ್ಟಿದ ಸಣ್ಣ ಏಣು, ಗಾಳಿಗುಳ್ಳೆ ಒಡೆದ ಗುಳಿಗಳು, ಇವೆಲ್ಲ ಅದರ ಜಾತಕದಂತಿರುವಾಗ, ಅದರ ಮೇಲೆ ಕಲ್ಲಿನ ಬಣ್ಣದ ಟೈಲು ಅಂಟಿಸಿ ಕಲ್ಲೆಂದು ನಂಬಿಸಹೊರಡುವುದು ಯಾವ ಪುರುಷಾರ್ಥಕ್ಕೋ ತಿಳಿಯದು.

ಇನ್ನು ಬೆಂಕಿಯ ವ್ಯವಹಾರ. ತೆರೆದ ಅಗ್ಗಿಷ್ಟಿಕೆಯು ಕೋಣೆಯನ್ನು ಕಾಯಿಸುವುದಕ್ಕಿಂತ ಹೆಚ್ಚಾಗಿ ಕೋಣೆಯ ಗಾಳಿಯನ್ನು ಹೀರಿ ಹೊಗೆಗೂಡಿನ ಮೂಲಕ ಆಕಾಶಕ್ಕೆ ಕಳುಹಿಸುವ ಯಂತ್ರ. ಈ ದೋಷವನ್ನು ಪರಿಹರಿಸಹೊರಟ ರಮ್‌ಫರ್ಡ್ ಪ್ರಭು, ಗೂಡಿನ ಆಳವನ್ನು ತಗ್ಗಿಸಿ ಪಕ್ಕದ ಗೋಡೆಗಳನ್ನು ಓರೆಮಾಡಿ ಹೊಗೆಯ ಕಂಠವನ್ನು ಕಿರಿದುಗೊಳಿಸಬೇಕೆಂದು 1796ರಲ್ಲಿಯೇ ಸಕಾರಣವಾಗಿ ಬರೆದನು; ಆದರೂ ಇಂದಿನ ಚಿತ್ರಗಳಲ್ಲಿ ಕಾಣುವುದು ಅದೇ ಆಳವಾದ ಚೌಕದ ಪೆಟ್ಟಿಗೆ. ಅಮೆರಿಕದ ಕಟ್ಟಡ ನಿಯಮಗಳು ಸಾಮಾನ್ಯ ಗಾತ್ರದ ಒಲೆಯ ಮುಂದೆ 16 ಅಂಗುಲ, ಬಾಯಿಯ ಇಕ್ಕೆಲಗಳಲ್ಲಿ 8 ಅಂಗುಲ, ಸುಡದ ನೆಲ ಇರಬೇಕೆಂದೂ, ಮರದ ಚೌಕಟ್ಟು ಒಲೆಯ ಬಾಯಿಗೆ 6 ಅಂಗುಲಕ್ಕಿಂತ ಹತ್ತಿರ ಬರಕೂಡದೆಂದೂ ವಿಧಿಸುತ್ತವೆ. ಇದು ಮನೆ ಸುಡದಂತೆ ಮಾಡಿದ ಲೆಕ್ಕವೇ ಹೊರತು ಪುಸ್ತಕ ಕೆಡದಂತೆ ಮಾಡಿದ್ದಲ್ಲ. ಬೆಂಕಿಯ ಮಗ್ಗುಲಲ್ಲಿ ಹಗಲಿರುಳು ಕಾದು ಆರಿ, ಕಾದು ಆರಿ, ಚರ್ಮದ ರಟ್ಟು ಸೀಳುವುದಕ್ಕೂ, ಬೆನ್ನಿನ ಅಂಟು ಪುಡಿಯಾಗಿ ಹಾಳೆಗಳು ಕಳಚುವುದಕ್ಕೂ, ಮೇಲಂಚಿನಲ್ಲಿ ಮಸಿ ಕೂರುವುದಕ್ಕೂ ಆರು ಅಂಗುಲದ ಅಂತರ ಅಡ್ಡಿಯಾಗಲಾರದು.

ಹಾಗಾದರೆ ನಮ್ಮ ಹಿರಿಯರು ತಾಳೆಗರಿಯ ಕಟ್ಟುಗಳನ್ನು ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಹೊಗೆ ತಾಗುವಂತೆ, ಇಡುತ್ತಿದ್ದುದು ಅವಿವೇಕವೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಹೊಗೆ ಹುಳುವನ್ನು ದೂರವಿರಿಸುತ್ತಿತ್ತು, ಮಳೆಗಾಲದ ತೇವವನ್ನು ಹಿಂಗಿಸುತ್ತಿತ್ತು; ಎಣ್ಣೆ ಸವರಿ, ಕಂಟದಿಂದ ಕೊರೆದು ಮಸಿ ತುಂಬಿದ ಗರಿಗೆ ಇನ್ನಷ್ಟು ಮಸಿ ಕೂತರೆ ಒರೆಸಿ ತೆಗೆಯಬಹುದಾಗಿತ್ತು. ಕಾಗದಕ್ಕೆ ಆ ಸೌಲಭ್ಯವಿಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟದ ಹಳೆಯ ಬಂಗಲೆಗಳಲ್ಲಿ ಅಗ್ಗಿಷ್ಟಿಕೆಯು ಅಲಂಕಾರಕ್ಕಾಗಿ ಬಂದದ್ದಲ್ಲ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದೆ ಬಟ್ಟೆ ಒಣಗದ, ಪುಸ್ತಕದ ರಟ್ಟಿನ ಮೇಲೆ ಬೂಷ್ಟು ಹಬ್ಬುವ ಆ ಸೀಮೆಯಲ್ಲಿ ಸಿಲ್ವರ್ ಓಕಿನ ನಾಲ್ಕು ಕೊರಡು ಉರಿಸಿದರೆ ಮನುಷ್ಯರಿಗೂ ಗ್ರಂಥಗಳಿಗೂ ಹಿತವೇ. ಅಲ್ಲಿ ಕಾಂಕ್ರೀಟಿನ ಅಗ್ಗಿಷ್ಟಿಕೆ ಕಟ್ಟಿಸುವವರನ್ನು ನಾನು ಆಕ್ಷೇಪಿಸೆನು. ಕಪಾಟನ್ನು ಎದುರು ಗೋಡೆಗೆ ಸರಿಸಿರೆಂದಷ್ಟೇ ಬೇಡುವೆನು. ಒಲೆಯ ಬಿಸಿ ಕೋಣೆಯನ್ನು ದಾಟಿ ಬರುವಷ್ಟರಲ್ಲಿ ಸೌಮ್ಯವಾಗಿರುತ್ತದೆ, ಮತ್ತು ಬೆಂಕಿಯ ಕಡೆಗೆ ಮುಖಮಾಡಿ ಕುಳಿತವನ ಬೆನ್ನಿಗೇ ಪುಸ್ತಕಗಳಿದ್ದು ಕೈ ಹಿಂದಕ್ಕೆ ಚಾಚಿದರೆ ಸಿಕ್ಕುತ್ತವೆ.

ಕಪಾಟಿನ ವಿಷಯದಲ್ಲಿ ಬಡಗಿಗೆ ಹೇಳಬೇಕಾದ ಮಾತುಗಳು ಕೆಲವಿವೆ. ಕನ್ನಡದ ಪುಸ್ತಕಗಳಲ್ಲಿ ಬಹುಪಾಲು ಡೆಮಿ 1/8 ಆಕಾರದವು; ಅವಕ್ಕೆ 9 ಅಂಗುಲದ ಆಳ ಧಾರಾಳವಾಗಿ ಸಾಕು. ಬಡಗಿಯಾದರೋ ಬೀರುವಿನ ಲೆಕ್ಕದಲ್ಲಿ 15 ಅಂಗುಲ ಇಡುತ್ತಾನೆ, ಗೃಹಸ್ಥನು ಹಿಂದೊಂದು ಮುಂದೊಂದು ಸಾಲು ಜೋಡಿಸುತ್ತಾನೆ, ಹಿಂದಿನ ಸಾಲು ಗೆದ್ದಲಿಗೆ ಉಂಬಳಿಯಾಗುತ್ತದೆ. ಮುಕ್ಕಾಲು ಅಂಗುಲದ ಪ್ಲೈವುಡ್ಡನ್ನು ಆಧಾರವಿಲ್ಲದೆ ಮೂರಡಿಗಿಂತ ಉದ್ದ ಬಿಟ್ಟರೆ ನಿಘಂಟುಗಳ ಭಾರಕ್ಕೆ ನಡು ಬಾಗದಿರದು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್, ಪುಸ್ತಕಗಳನ್ನು ಇರಿಸುವ ಬಗೆಯನ್ನು ಕುರಿತು 1890ರಲ್ಲಿ ಒಂದು ಲೇಖನವನ್ನೇ ಬರೆದು, ಕಪಾಟುಗಳನ್ನು ಗೋಡೆಗೆ ಒರಗಿಸದೆ ಅದಕ್ಕೆ ಲಂಬವಾಗಿ ಕೋಣೆಯೊಳಕ್ಕೆ ಚಾಚಬೇಕೆಂದು ವಾದಿಸಿದನು. ನಮ್ಮ ಇಕ್ಕಟ್ಟಿನ ಹಜಾರಗಳಿಗೆ ಅದು ಒಗ್ಗದಾದರೂ, ರಾಜಕಾರಣದ ನಡುವೆ ಹಲಗೆಯ ಅಳತೆಯನ್ನು ಯೋಚಿಸಲು ಒಬ್ಬನಿಗೆ ಪುರಸೊತ್ತಿತ್ತೆಂಬುದು ಮೆಚ್ಚತಕ್ಕ ಸಂಗತಿ.

ಬೆಂಗಳೂರಿನ ಚರಿತ್ರೆಯಲ್ಲಿ ದಾಖಲಾದ ಅತ್ಯಂತ ಚಳಿಯ ದಿನ 1884ರ ಜನವರಿ 13. ಅಂದು ಉಷ್ಣಾಂಶ ಇಳಿದದ್ದು 7.8 ಡಿಗ್ರಿಗೆ. ಅಂಥ ಊರಿನಲ್ಲಿ ಹುಸಿಜ್ವಾಲೆಗೆ ಗೋಡೆಯನ್ನೊಪ್ಪಿಸುವ ಗೃಹಸ್ಥನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಮನೆಯ ನಕ್ಷೆ ಬರೆಯುವವರು ಹಜಾರದಲ್ಲಿ ಟಿ.ವಿ.ಗೆ ಸ್ಥಳ ಗುರುತಿಸುತ್ತಾರೆ, ಎ.ಸಿ.ಗೆ ಪ್ರತ್ಯೇಕ ಪಾಯಿಂಟು ಕೊಡುತ್ತಾರೆ. ಉಳಿದ ಗೋಡೆಯನ್ನು ಸ್ವಿಚ್‌ಬೋರ್ಡುಗಳಿಂದಲೂ ಕಿಟಕಿಗಳಿಂದಲೂ ಎಷ್ಟು ಚೂರುಮಾಡಿರುತ್ತಾರೆಂದರೆ ಆರಡಿಯ ಕಪಾಟಿಗೆ ಒಂದು ಅಖಂಡ ಜಾಗ ಸಿಕ್ಕುವುದಿಲ್ಲ. ನೈರುತ್ಯ, ಆಗ್ನೇಯಗಳೆಂದು ವಾಸ್ತುವಿನ ಹೆಸರಿನಲ್ಲಿ ಗೋಡೆಯನ್ನು ಕೆಡವಿಸಲೂ ಹಿಂಜರಿಯದ ನಮ್ಮ ಜನ, ಮುಂಗಡ ಕೊಡುವ ಮುನ್ನ ನಕ್ಷೆಯ ಮೇಲೆ ಬೆರಳಿಟ್ಟು, ಬಿಸಿಲು ನೇರವಾಗಿ ಬೀಳದ, ಹಿಂದುಗಡೆ ಬಚ್ಚಲಿನ ನೀರಿನ ಪೈಪು ಹಾಯದ ಒಂದು ಗೋಡೆಯನ್ನು ಬರಿದಾಗಿ ಬಿಡಿಸಿಕೊಳ್ಳಲಿ.