ಸೊಂಟದಲ್ಲಿ ಕಂಡ ಪಿಸ್ತೂಲು

ಕೈಲ್ ಪೋಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುವ ಕೊಡಗಿನ ಮನೆಯಲ್ಲಿ ಬೆಳೆದವನು ನಾನು. ನಮ್ಮಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಸದ್ದು ಕೇಳಿದವರು ಕೆಲಸ ಬಿಟ್ಟು ಮನೆಯತ್ತ ಬರುತ್ತಾರೆ. ಹಾಗಾಗಿ ಲೈಸೆನ್ಸ್ ಇದ್ದವರು ಪಿಸ್ತೂಲನ್ನು ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡು ಓಡಾಡಬಹುದೆಂಬ ಕಾನೂನು 2016ರ ಜನವರಿ 1ರಂದು ನಾನಿದ್ದ ಅಮೆರಿಕದ ಟೆಕ್ಸಾಸ್‌ನಲ್ಲಿ ಜಾರಿಗೆ ಬಂದಾಗ ನನಗೆ ಅಳುಕಿರಲಿಲ್ಲ. ಅಲ್ಲಿಯವರೆಗೆ ಅದನ್ನು ಬಟ್ಟೆಯೊಳಗೆ ಮುಚ್ಚಿಟ್ಟುಕೊಳ್ಳಬೇಕಿತ್ತು.

ಮರುದಿನವೇ ಪಿಸ್ತೂಲಿದ್ದ ಚರ್ಮದ ಚೀಲವನ್ನು ಬೆಲ್ಟಿಗೆ ಬಿಗಿದು ದಿನಸಿ ಅಂಗಡಿಗೆ ಹೋದೆ. ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದೆ. ಪಕ್ಕದಲ್ಲಿದ್ದ ತಾಯಿಯೊಬ್ಬಳು ನನ್ನ ಮುಖ ನೋಡಲಿಲ್ಲ, ಸೊಂಟ ನೋಡಿದಳು. ಮಗು ಕೂತಿದ್ದ ತಳ್ಳುಗಾಡಿಯನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು. ಯಾರಾದರೂ ಹಿಂದಿನಿಂದ ಕಿತ್ತುಕೊಂಡರೆ ಎಂಬ ಭಯಕ್ಕೆ ನನ್ನ ಮೊಣಕೈ ಅಷ್ಟೂ ಹೊತ್ತು ಪಿಸ್ತೂಲಿಗೆ ಒತ್ತಿಕೊಂಡೇ ಇತ್ತು. ಮನೆಗೆ ಬಂದಾಗ ಭುಜ ನೋಯುತ್ತಿತ್ತು.

2021ರ ಸೆಪ್ಟೆಂಬರ್‌ನಿಂದ ಟೆಕ್ಸಾಸ್‌ನಲ್ಲಿ 21 ವರ್ಷ ತುಂಬಿದ ಬಹುತೇಕರಿಗೆ ಲೈಸೆನ್ಸೂ ಬೇಕಿಲ್ಲ. ನಾನು ತರಗತಿಯಲ್ಲಿ ಕೂತು, ಗುರಿ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದು ಕಟ್ಟಿಕೊಂಡ ಪಿಸ್ತೂಲನ್ನು ಈಗ ಏನೂ ಕಲಿಯದೆ ಕಟ್ಟಿಕೊಳ್ಳಬಹುದು. ಇದು ತಪ್ಪು, ಕೋವಿಯ ಜೊತೆ ಬೆಳೆದವನಾಗಿಯೇ ಹೇಳುತ್ತಿದ್ದೇನೆ. ಆ ತಾಯಿಯ ಹೆದರಿಕೆ ನ್ಯಾಯವಾದದ್ದು. ನನ್ನ ಪಿಸ್ತೂಲು ಅಂಗಡಿಗೆ ಹೋದ ಆ ದಿನದಿಂದ ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ.