ಖಾಲಿ ಗೋಡೆ ಯಾರ ಆಸ್ತಿ?

ಕನ್ನಡದಲ್ಲಿ ಖಾಲಿ ಮನೆಯನ್ನು ಹೊಗಳುವ ಮಾತು ನನಗೆ ಸಿಕ್ಕಿಲ್ಲ. ಮನೆ 'ಬಿಕೋ ಅನ್ನುತ್ತಿದೆ' ಎಂದರೆ ಅದು ದುಃಖದ ಮಾತು. ಸೊಸೆ ಬಂದರೆ 'ಮನೆ ತುಂಬಿಸಿಕೊಳ್ಳುತ್ತೇವೆ'. ಇಂಥ ಭಾಷೆಯಾಡುವ ನಾವು ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ಗೆ ಬಂದು, ಮೂರು ಸಾವಿರ ಚದರಡಿಯ ಮನೆ ಕೊಂಡು, ಬೂದು ಗೋಡೆ, ಬಿಳಿ ಸೋಫಾ, ಒಂದು ಪ್ಲಾಸ್ಟಿಕ್ ಗಿಡ ಇಟ್ಟು, ಅದನ್ನು ಮಿನಿಮಲಿಸಂ ಎನ್ನುತ್ತೇವೆ. ಈಗ ಮ್ಯಾಕ್ಸಿಮಲಿಸಂ ಎಂಬ ಹೆಸರಿನಲ್ಲಿ ಬಣ್ಣ, ಕಸೂತಿ, ಚಿತ್ರ, ಪಾತ್ರೆಗಳೆಲ್ಲ ಮನೆಯೊಳಗೆ ವಾಪಸು ಬರುತ್ತಿವೆಯಂತೆ. ಬರಲಿ. ನಮ್ಮ ಅಜ್ಜಿಯರಿಗೆ ಅದಕ್ಕೆ ಹೆಸರೇ ಬೇಕಿರಲಿಲ್ಲ.

ಖಾಲಿ ಗೋಡೆಗೆ ಕಾರಣ ಕೇಳಿದರೆ ಹೆಚ್ಚಿನವರದು ಒಂದೇ ಉತ್ತರ: 'ರೀಸೇಲ್ ವ್ಯಾಲ್ಯೂ'. ನನ್ನ ವೃತ್ತಿ ಲೆಕ್ಕಪತ್ರ. ಆ ಭಾಷೆಯಲ್ಲೇ ಉತ್ತರಿಸುತ್ತೇನೆ. ಬಿ.ಕಾಂ. ಓದಿದವರಿಗೆಲ್ಲ ಗೊತ್ತಿರುವ ಪಾಠವಿದು: ಮಾರಲೆಂದು ಇಟ್ಟದ್ದು ಸರಕು, ಬಳಸಲೆಂದು ಇಟ್ಟದ್ದು ಸ್ಥಿರಾಸ್ತಿ. ಸೀರೆ ಅಂಗಡಿಯ ಕಪಾಟು ಸ್ಥಿರಾಸ್ತಿ, ಕಪಾಟಿನೊಳಗಿನ ಸೀರೆ ಸರಕು. ಎರಡನ್ನೂ ಬೆರೆಸಿದರೆ ಆಡಿಟರ್ ಸಹಿ ಹಾಕುವುದಿಲ್ಲ. ಹದಿನೈದು ವರ್ಷ ಬಾಳುವ ಮನೆಯನ್ನು ನಾವು ಸರಕಿನ ಖಾತೆಗೆ ಬರೆದುಬಿಟ್ಟಿದ್ದೇವೆ. ಮುಖವನ್ನೇ ಕಾಣದ ಗಿರಾಕಿಯ ರುಚಿಗೆ ಇವತ್ತೇ ಗೋಡೆ ಬಳಿಯುತ್ತೇವೆ. ಮಾರುವಾಗ ಎರಡು ಕೋಟ್ ಬಣ್ಣ ಹೊಡೆಸಿದರೆ ಮುಗಿಯುವ ಖರ್ಚನ್ನು ಉಳಿಸಲು, ಮಕ್ಕಳ ಇಡೀ ಬಾಲ್ಯವನ್ನು ಬೂದುಬಣ್ಣದಲ್ಲಿ ಕಳೆಸುವುದು ಎಂಥ ಲಾಭ?

'ಎಚ್‌ಒಎ ಬಿಡಬೇಕಲ್ಲ' ಎನ್ನುವವರಿದ್ದಾರೆ. ಬಡಾವಣೆಯ ಸಂಘದ ಕಣ್ಣು ಇರುವುದು ಹೊರಗೋಡೆ, ಹುಲ್ಲು, ಬೇಲಿಯ ಮೇಲೆ. ಹೊರಬಾಗಿಲಿಗೆ ಕೂಡ ಟೆಕ್ಸಾಸ್ 2011ರಲ್ಲೇ ಕಾನೂನು ತಂದು, ಧಾರ್ಮಿಕ ಚಿಹ್ನೆಗಳಿಗೆ 25 ಚದರ ಅಂಗುಲದ ಜಾಗ ಕೊಟ್ಟಿತು; 2021ರ ತಿದ್ದುಪಡಿ ಆ ಮಿತಿಯನ್ನೂ ಸಡಿಲಿಸಿತು. ಹೊರಗಿನ ತೋರಣಕ್ಕೆ ಶಾಸನಸಭೆಯೇ ದಾರಿ ಬಿಟ್ಟಿದೆ. ಒಳಗೆ ಯಾರೂ ಹಾಕದ ನಿಷೇಧವನ್ನು ನಮಗೆ ನಾವೇ ಹಾಕಿಕೊಂಡಿದ್ದೇವೆ.

ನವರಾತ್ರಿಯಲ್ಲಿ ಮಾತ್ರ ನಮ್ಮ ಮನೆಗಳಿಗೆ ಜೀವ ಬರುತ್ತದೆ. ಮೆಟ್ಟಿಲ ಮೇಲೆ ಪಟ್ಟದ ಗೊಂಬೆ, ಚನ್ನಪಟ್ಟಣದ ಆಟಿಕೆ, ಕಿನ್ನಾಳದ ಗೊಂಬೆ. ವಿಜಯದಶಮಿ ಮುಗಿಯಿತೋ, ಎಲ್ಲ ಡಬ್ಬಕ್ಕೆ, ಡಬ್ಬ ಆಟಿಕ್‌ಗೆ. ಟೆಕ್ಸಾಸಿನ ಬೇಸಿಗೆಯಲ್ಲಿ ಆ ಅಟ್ಟ ಒಲೆಯಂತೆ ಕಾಯುತ್ತದೆ. ಚನ್ನಪಟ್ಟಣದ ಬಣ್ಣವೆಲ್ಲ ಅರಗು. ಹತ್ತು ದಿನ ಪೂಜಿಸಿದ್ದನ್ನು ಉಳಿದ ದಿನ ಬೇಯಿಸುತ್ತೇವೆ.

ಇದು ಅಂದಚಂದದ ಪ್ರಶ್ನೆ ಮಾತ್ರವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಇಲ್ಲಿ ಹುಟ್ಟಿದ ಮಗುವಿಗೆ ಕನ್ನಡ ಕಲಿಸಲು ವಾರಕ್ಕೊಂದು ತರಗತಿಗೆ ಕಾರು ಓಡಿಸುತ್ತೇವೆ. ಕಡಗೋಲು, ಪಾವು, ಸೇರು, ಜಮಖಾನ, ಈ ಪದಗಳು ವಸ್ತುವಿಲ್ಲದೆ ಬಾಯಿಗೆ ಬರುವುದಿಲ್ಲ. ಹಜಾರದಲ್ಲಿ ನವಲಗುಂದದ ಜಮಖಾನ ಹಾಸಿದ್ದರೆ ಅದರ ಮೇಲೆ ಉರುಳಾಡುತ್ತಲೇ ಮಗು ಆ ಪದ ಕಲಿಯುತ್ತದೆ. ಗೋಡೆಗೆ ಇಳಕಲ್ ಸೆರಗು ತೂಗುಹಾಕಿದರೆ 'ಇದು ಯಾರ ಸೀರೆ?' ಎಂದು ಕೇಳುತ್ತದೆ. ಬರಿಗೋಡೆ ನೋಡಿ ಯಾವ ಮಗು ಏನು ಕೇಳೀತು?

ಕಂಡದ್ದೆಲ್ಲ ಕೊಳ್ಳಿ ಎನ್ನುತ್ತಿಲ್ಲ. ರಿಯಾಯಿತಿ ಮಾರಾಟದ ಹೂದಾನಿಗಳಿಂದ ಮನೆ ತುಂಬುವುದು ಕೂಡ ಪೊಳ್ಳು ಶ್ರೀಮಂತಿಕೆಯೇ. ನನ್ನ ನಿಯಮ ಸರಳ: ಯಾರು ಮಾಡಿದ್ದು, ಯಾರು ಕೊಟ್ಟದ್ದು, ಎಲ್ಲಿಂದ ಬಂದದ್ದು, ಇವುಗಳಲ್ಲಿ ಒಂದಕ್ಕಾದರೂ ಉತ್ತರವಿರುವ ವಸ್ತು ಒಳಗಿರಲಿ. ಧೂಳು ಕೂರುತ್ತದೆ, ನಿಜ. ಒರೆಸೋಣ, ಒರೆಸುವ ಕೈಗೆ ಆ ವಸ್ತುವಿನ ಪರಿಚಯ ಉಳಿಯುತ್ತದೆ.

ಊರಲ್ಲಿರುವವರಿಗೂ ಒಂದು ಮಾತು. ಬೆಂಗಳೂರಿನ ಫ್ಲಾಟಿಗೆ ಒಪ್ಪುವುದಿಲ್ಲವೆಂದು ಅಜ್ಜಿಯ ಹಿತ್ತಾಳೆ ಕೊಳಗವನ್ನು ಗುಜರಿಗೆ ಕಿಲೋ ಲೆಕ್ಕದಲ್ಲಿ ಹಾಕಬೇಡಿ. ಇಲ್ಲಿ ಇಂಪೀರಿಯಲ್ ಸಕ್ಕರೆ ಕಾರ್ಖಾನೆ 2003ರಲ್ಲೇ ನಿಂತಿತು, ಅದರ ಹಳೆಯ ಇಟ್ಟಿಗೆ ಕಟ್ಟಡವನ್ನು ಈ ಊರು ಇನ್ನೂ ಉಳಿಸಿಕೊಂಡಿದೆ. ಸಕ್ಕರೆ ಹೋದರೂ ಶುಗರ್ ಲ್ಯಾಂಡ್‌ಗೆ ತನ್ನ ಹೆಸರಿನ ಅರ್ಥ ಕಣ್ಣೆದುರಿಗೆ ಬೇಕು. ನಮಗೆ ಬೇಡವೇ?