ಸಪೂರ ಆದದ್ದರ ಲೆಕ್ಕ

ಐದನೇ ಸೆಮ್‌ನಲ್ಲಿ ನಾಲ್ಕು ತಿಂಗಳಲ್ಲಿ 17 ಕೆಜಿ ಇಳಿಸಿದೆ. 91ರಿಂದ 74. ಕ್ಲಾಸಲ್ಲಿ "ಹೇಗೆ ಮಾಡಿದ್ದು ಮಾರಾಯ, ನಮಗೂ ಹೇಳು" ಅಂತ ಕೇಳಿದವರೇ ಎಲ್ಲ. ಊರಿಗೆ ಹೋದಾಗ ಮಾತ್ರ ಕತೆ ಬೇರೆ. ಕಡಬ ಪೇಟೆಯಲ್ಲಿ ಬಸ್ಸಿಂದ ಇಳಿದದ್ದೇ, ಪರಿಚಯದ ಅಂಗಡಿಯವರು "ಎಂತ ಮಾರಾಯ, ಶುಗರ್ ಉಂಟಾ?" ಅಂದ್ರು. ಮನೆಯಲ್ಲಿ ಅಜ್ಜಿಗೆ ಕಾಮಾಲೆಯ ಸಂಶಯ. ಕಣ್ಣಿನ ರೆಪ್ಪೆ ಎಳೆದು ನೋಡಿದ್ರು. ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ತೋರ ಇದ್ದವನಿಗೆ ತಮಾಷೆ, ಸಪೂರ ಆದವನಿಗೆ ಕಾಯಿಲೆ. ನಡುವೆ ನಿಲ್ಲಲಿಕ್ಕೆ ಜಾಗವೇ ಇಲ್ಲ.

ಆಗ ನಗು ಬಂದಿತ್ತು. ಮರುದಿನ ಅಪ್ಪನೊಟ್ಟಿಗೆ ಅಡಿಕೆ ಗೋಣಿ ಎತ್ತಲಿಕ್ಕೆ ಹೋದಾಗ ನಗು ನಿಂತಿತು. 91 ಕೆಜಿ ಇದ್ದಾಗ ಒಬ್ಬನೇ ಎತ್ತಿ ಜೀಪಿಗೆ ಹಾಕ್ತಿದ್ದ ಗೋಣಿ, ಈಗ ಇನ್ನೊಂದು ಬದಿ ಅಪ್ಪ ಹಿಡಿಯಬೇಕಾಯ್ತು.

ನಾವು ಇಂಜಿನಿಯರಿಂಗ್ ಓದುವವರು, ತಪ್ಪು ಸೆನ್ಸರ್ ಇಟ್ಟು ರೀಡಿಂಗ್ ತಗೊಂಡರೆ ಲ್ಯಾಬಲ್ಲಿ ಬೈಸಿಕೊಳ್ತೇವೆ. ತೂಕದ ಮೆಷಿನ್ ಅಂಥದ್ದೇ ಸೆನ್ಸರ್. ಇಳಿದದ್ದು ಕೊಬ್ಬಾ, ಸ್ನಾಯುವಾ, ನೀರಾ, ಅದಕ್ಕೆ ಗೊತ್ತಿಲ್ಲ. ಮೊದಲ ವಾರ 3 ಕೆಜಿ ಇಳಿದಾಗ ನಾನು ಸ್ಟೇಟಸ್ ಹಾಕಿದ್ದೆ; ಅದು ಹೆಚ್ಚಿನಂಶ ನೀರು. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ ಖಾಲಿಯಾಗುವಾಗ ಒಟ್ಟಿಗಿದ್ದ ನೀರೂ ಹೋಗ್ತದೆ. ಆಮೇಲೆ ಬೆಳಿಗ್ಗೆ ಗಂಜಿ ಬಿಟ್ಟು ಕಪ್ಪು ಕಾಫಿ, ರಾತ್ರಿ ಬರೀ ಮುಳ್ಳುಸೌತೆ, ಸಂಜೆ ಬೀರಮಲೆ ಗುಡ್ಡ ಹತ್ತುವುದು. ಪ್ರೋಟೀನ್ ಎಲ್ಲಿಂದ? ಹಾಸ್ಟೆಲ್ ಸಾಂಬಾರಿನಲ್ಲಿ ಬೇಳೆ ಹುಡುಕಿದವರಿಗೆ ಗೊತ್ತು. ಹೊರಗಿಂದ ಸಿಗದಿದ್ದರೆ ದೇಹ ತನ್ನ ಸ್ನಾಯುವನ್ನೇ ಕರಗಿಸ್ತದೆ. ಗೋಣಿಯ ವಿಷಯ ಅಷ್ಟೇ.

ಮೂರನೇ ತಿಂಗಳಲ್ಲಿ ಕೂದಲು ಉದುರಲಿಕ್ಕೆ ಶುರು. ಹಾಸ್ಟೆಲಲ್ಲಿ ಕೂದಲು ಉದುರಿದರೆ ಬೋರ್‌ವೆಲ್ ನೀರಿಗೆ ಬೈಯುವುದು ರೂಢಿ, ನಾನೂ ಬೈದೆ. ಡಾಕ್ಟ್ರು ಹೇಳಿದ ಮೇಲೆ ಗೊತ್ತಾಯ್ತು: ಅವಸರದಲ್ಲಿ ತೂಕ ಇಳಿಸಿದರೆ ತುಂಬಾ ಕೂದಲಿನ ಬುಡ ಒಟ್ಟಿಗೇ ವಿಶ್ರಾಂತಿಗೆ ಹೋಗ್ತದೆ, ಎರಡು ಮೂರು ತಿಂಗಳ ನಂತರ ಉದುರ್ತದೆ. ಹಾಗಾಗಿ ಕಾರಣ ಯಾವುದೆಂದು ಹೊಳೆಯುವುದೇ ಇಲ್ಲ. ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಹೀಗೆ ಗಡಿಬಿಡಿಯಲ್ಲಿ ಇಳಿಸಿದವರಿಗೆ ಜಾಸ್ತಿಯಂತೆ. ನನಗೆ ಆಗಲಿಲ್ಲ, ಪುಣ್ಯ.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಒಂದು ಹಳೇ ಪ್ರಯೋಗ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ತೂಕ ಸುಮಾರು ಕಾಲು ಭಾಗ ಇಳಿಯಿತು. ಜೊತೆಗೆ ಚಳಿ, ಸಿಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲ, ತಲೆ ತುಂಬಾ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಓದುತ್ತ ಕೂತರಂತೆ. ನಾನು ರಾತ್ರಿ ಎರಡು ಗಂಟೆಗೆ ನೀರುದೋಸೆ ಮಾಡುವ ವಿಡಿಯೋ ನೋಡ್ತಿದ್ದೆ. ಆ ಸೆಮ್‌ನಲ್ಲಿ ಒಂದು ಪೇಪರ್ ಹೋಯ್ತು, ರೂಮ್‌ಮೇಟ್ ಜೊತೆ ಮಾತು ಬಿಟ್ಟದ್ದೂ ಆಗಲೇ. ಇನ್ನೊಂದು ವಿಷಯ: ಹಸಿವನ್ನು ಅಭ್ಯಾಸ ಮಾಡಲಿಕ್ಕೆಂದೇ ಮಾಡಿದ ಆ ಪ್ರಯೋಗದಲ್ಲಿ ದಿನಕ್ಕೆ ಕೊಟ್ಟದ್ದು ಸುಮಾರು 1,570 ಕ್ಯಾಲರಿ. ನನ್ನ ಮೊಬೈಲ್ ಆ್ಯಪ್‌ನಲ್ಲಿ ಇದ್ದದ್ದು 1,200.

ಇಷ್ಟು ಮಾಡಿ ಇಳಿಸಿದ್ದು ನಿಲ್ತದಾ? ದೇಹ ಫೀಡ್‌ಬ್ಯಾಕ್ ಸಿಸ್ಟಮ್. ಇನ್‌ಪುಟ್ ಕಡಿಮೆ ಮಾಡಿದರೆ ಖರ್ಚನ್ನೂ ಕಡಿಮೆ ಮಾಡ್ತದೆ. 'ಬಿಗ್ಗೆಸ್ಟ್ ಲೂಸರ್' ಎಂಬ ಅಮೆರಿಕದ ಟಿವಿ ಸ್ಪರ್ಧೆಯ 14 ಜನರನ್ನು ಆರು ವರ್ಷದ ಮೇಲೆ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಹೆಚ್ಚಿನವರಿಗೆ ತೂಕ ವಾಪಸ್ ಬಂದಿತ್ತು, ಆದರೆ ಸುಮ್ಮನೆ ಕೂತಾಗ ದೇಹ ಉರಿಸುವ ಶಕ್ತಿ ಮಾತ್ರ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆ.

ತೂಕ ಇಳಿಸುವುದೇ ಬೇಡ ಅಂತ ನಾನು ಹೇಳ್ತಿಲ್ಲ. ನನ್ನ 91 ಜಾಸ್ತಿಯೇ ಇತ್ತು, ಅಪ್ಪನಿಗೆ ಶುಗರ್ ಉಂಟು, ನಮ್ಮವರಿಗೆ ಬಿಎಂಐ 23 ದಾಟಿದರೇ ಜಾಗ್ರತೆ ಬೇಕು. ನನ್ನ ತಕರಾರು ಅವಸರದ ಮೇಲೆ. 2022ರ ಮೇಯಲ್ಲಿ ಕನ್ನಡ ಕಿರುತೆರೆಯ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಆಪರೇಷನ್ ನಂತರ ತೀರಿಕೊಂಡರು. 21 ವರ್ಷ, ನಮ್ಮದೇ ಪ್ರಾಯ. ಈಗ ಹಾಸ್ಟೆಲಲ್ಲಿ ಫೆಸ್ಟಿಗೆ ಮೊದಲು 10 ಕೆಜಿ ಇಳಿಸುವ ಚಾಲೆಂಜ್ ಅಂತ ಗ್ರೂಪ್ ಮಾಡಿದ್ದಾರೆ, ನನ್ನನ್ನು ಅಡ್ಮಿನ್ ಮಾಡಲಿಕ್ಕೆ ಹೊರಟಿದ್ದರು. ಬೇಡ ಅಂದೆ. ಅದರ ಬದಲು ಮೆಸ್ಸಲ್ಲಿ ದಿನಾ ಒಂದು ಮೊಟ್ಟೆ, ತಿನ್ನದವರಿಗೆ ಒಂದು ಸೌಟು ಮೊಳಕೆ ಹೆಸರು ಕೊಡಿ ಅಂತ ಅರ್ಜಿ ಬರೆದಿದ್ದೇನೆ. ಸೈನ್ ಹಾಕಲಿಕ್ಕೆ ರೂಮಿಗೆ ಬನ್ನಿ.

ನಾನೀಗ 80. ಇಂಟರ್ವ್ಯೂಗೆ ಪ್ಯಾಂಟ್ ಹೊಲಿಸಲಿಕ್ಕೆ ಪುತ್ತೂರಿನ ಟೈಲರ್ ಹತ್ರ ಹೋಗಿದ್ದೆ. ಹೋದ ವರ್ಷ ಎಲ್ಲ ಪ್ಯಾಂಟ್ ಸಣ್ಣ ಮಾಡಿಕೊಟ್ಟವರು ಅವರೇ. ಟೇಪ್ ಹಿಡಿದು ಮುಖ ನೋಡಿದ್ರು. "ಒಳಗೆ ಸ್ವಲ್ಪ ಬಟ್ಟೆ ಬಿಡುವುದಾ?"

"ಬಿಡಿ" ಅಂದೆ.